ಟೆಸ್ಟ್ ಮಾಡಲಾಗದ ಕೊಡೆ

ಲ್ಯಾಬ್‌ನಲ್ಲಿ ನಾವು ಕಲಿಯೋ ಮೊದಲ ಪಾಠ: ಟೆಸ್ಟ್ ಮಾಡದೆ ಯಾವುದನ್ನೂ ನಂಬಬೇಡ. ಕಾಂಕ್ರೀಟ್ ಕ್ಯೂಬ್ ಆದ್ರೂ ಅಷ್ಟೆ, ಕೋಡ್ ಆದ್ರೂ ಅಷ್ಟೆ. ಆದರೆ ಐದು ಕೋಟಿ ಜನರ ದಕ್ಷಿಣ ಕೊರಿಯಾ ನಂಬಿಕೊಂಡಿರೋದು ಟೆಸ್ಟ್ ಮಾಡಲು ಸಾಧ್ಯವೇ ಇಲ್ಲದ ಒಂದು ಮಾತನ್ನು. ತನ್ನ ಮೇಲೆ ಅಣುಬಾಂಬ್ ಬಿದ್ದರೆ ಅಮೆರಿಕ ತಿರುಗಿ ಹೊಡೆಯುತ್ತದೆ ಎಂಬ ಮಾತು ಅದು. ಇದಕ್ಕೆ 'ಅಣ್ವಸ್ತ್ರದ ಕೊಡೆ' ಅಂತ ಹೆಸರು.

ರಾಜಧಾನಿ ಸೋಲ್‌ನಿಂದ ಉತ್ತರ ಕೊರಿಯಾದ ಗಡಿ ಸುಮಾರು 50 ಕಿ.ಮೀ. ಅಂದರೆ ಹೆಚ್ಚುಕಮ್ಮಿ ಬೆಂಗಳೂರಿನಿಂದ ರಾಮನಗರದಷ್ಟು ದೂರ! ದೇಶದ ಅರ್ಧದಷ್ಟು ಜನ ಸೋಲ್ ಮತ್ತು ಅದರ ಸುತ್ತಮುತ್ತಲೇ ಇದ್ದಾರೆ. ಗಡಿಯಾಚೆಯ ಉತ್ತರ ಕೊರಿಯಾ 2006ರಿಂದ 2017ರವರೆಗೆ ಆರು ಬಾರಿ ಅಣ್ವಸ್ತ್ರ ಪರೀಕ್ಷೆ ಮಾಡಿದೆ.

ಒಪ್ಪಂದದಲ್ಲಿ ಏನಿದೆ?

ಕೊರಿಯಾ ಯುದ್ಧ ನಿಂತ 1953ರಲ್ಲೇ ಅಮೆರಿಕ ಮತ್ತು ದಕ್ಷಿಣ ಕೊರಿಯಾ ರಕ್ಷಣಾ ಒಪ್ಪಂದ ಮಾಡಿಕೊಂಡವು. ಓದಿದರೆ ಆಶ್ಚರ್ಯ ಆಗುತ್ತೆ: ದಾಳಿಯಾದರೆ ಪ್ರತಿ ದೇಶವೂ ತನ್ನ ಸಂವಿಧಾನದ ಪ್ರಕಾರ ಕ್ರಮ ಕೈಗೊಳ್ಳುತ್ತದೆ ಅಂತಷ್ಟೇ ಇದೆ. ತಾನಾಗಿಯೇ ಯುದ್ಧಕ್ಕಿಳಿಯುವ ಷರತ್ತಿಲ್ಲ. ಹಾಗಾದ್ರೆ ಗ್ಯಾರಂಟಿ ಏನು? ಅಲ್ಲಿ ನೆಲೆಸಿರುವ ಸುಮಾರು 28,500 ಅಮೆರಿಕನ್ ಸೈನಿಕರು. ದಾಳಿಯಲ್ಲಿ ಅವರೂ ಸಾಯುತ್ತಾರೆ, ಆಗ ಅಮೆರಿಕ ಸುಮ್ಮನಿರೋಕೆ ಆಗಲ್ಲ. ಕಾಗದಕ್ಕಿಂತ ಈ ಲೆಕ್ಕವೇ ಗಟ್ಟಿ.

ಅದಕ್ಕೇ ಸೈನಿಕರ ಸಂಖ್ಯೆ ಇಳಿದಾಗೆಲ್ಲ ಕೊರಿಯಾಕ್ಕೆ ನಡುಕ. 1971ರಲ್ಲಿ ಅಮೆರಿಕ ಒಂದು ಇಡೀ ಡಿವಿಜನ್ ಅನ್ನು ವಾಪಸ್ ಕರೆಸಿಕೊಂಡಿತು. ಅಧ್ಯಕ್ಷ ಪಾರ್ಕ್ ಚುಂಗ್ ಹೀ ಗುಟ್ಟಾಗಿ ಬಾಂಬ್ ತಯಾರಿಗೆ ಕೈಹಾಕಿದರು. ಫ್ರಾನ್ಸ್‌ನಿಂದ ಪ್ಲುಟೋನಿಯಂ ಬೇರ್ಪಡಿಸುವ ಘಟಕ ಕೊಳ್ಳುವ ಮಾತುಕತೆಯೂ ನಡೆದಿತ್ತು. ಅಮೆರಿಕದ ಒತ್ತಡದಿಂದ ಅದು ನಿಂತಿತು. 1975ರಲ್ಲಿ ದಕ್ಷಿಣ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸೇರಿತು.

ಕೊಡೆಯಲ್ಲಿ ತೂತು?

2017ರಲ್ಲಿ ಉತ್ತರ ಕೊರಿಯಾ ಖಂಡಾಂತರ ಕ್ಷಿಪಣಿ ಹಾರಿಸಿದ ಮೇಲೆ ಲೆಕ್ಕವೇ ಬದಲಾಯ್ತು. ಈಗ ಅಮೆರಿಕದ ನಗರಗಳಿಗೂ ಅಪಾಯ. ಸೋಲ್ ಉಳಿಸೋಕೆ ಅಮೆರಿಕ ತನ್ನ ಒಂದು ನಗರವನ್ನು ಪಣಕ್ಕಿಡುತ್ತಾ? ಈ ಪ್ರಶ್ನೆ ಹೊಸದಲ್ಲ. ಪ್ಯಾರಿಸ್‌ಗಾಗಿ ನ್ಯೂಯಾರ್ಕ್ ಕಳೆದುಕೊಳ್ಳಲು ತಯಾರಿದ್ದೀರಾ ಅಂತ 1961ರಲ್ಲೇ ಫ್ರಾನ್ಸಿನ ಡಿ ಗಾಲ್ ಕೆನಡಿಯವರನ್ನು ಕೇಳಿದ್ದರು. ಫ್ರಾನ್ಸ್ ತನ್ನ ಬಾಂಬನ್ನೇ ನೆಚ್ಚಿಕೊಂಡಿತು.

ಈಚಿನ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಸುಮಾರು ಏಳು ಕೊರಿಯನ್ನರು ನಮಗೂ ಬಾಂಬ್ ಬೇಕು ಅಂದಿದ್ದಾರೆ. ಅದಕ್ಕೆ ಉತ್ತರವಾಗಿ ಬಂದದ್ದು 2023ರ ಏಪ್ರಿಲ್‌ನ ವಾಷಿಂಗ್ಟನ್ ಘೋಷಣೆ. ಅಣ್ವಸ್ತ್ರ ಯೋಜನೆ ಚರ್ಚಿಸಲು ಜಂಟಿ ಸಮಿತಿ ರಚನೆಯಾಯಿತು. ಜುಲೈನಲ್ಲಿ ಅದರ ಮೊದಲ ಸಭೆಯ ದಿನವೇ ಅಮೆರಿಕದ ಅಣ್ವಸ್ತ್ರ ಜಲಾಂತರ್ಗಾಮಿಯೊಂದು ಬುಸಾನ್ ಬಂದರಿಗೆ ಬಂತು. ಸುಮಾರು ನಾಲ್ಕು ದಶಕಗಳಲ್ಲಿ ಇಂಥ ಭೇಟಿ ಅದೇ ಮೊದಲು. ಬಚ್ಚಿಟ್ಟುಕೊಳ್ಳೋದೇ ಕೆಲಸವಾಗಿರುವ ಹಡಗು, ಎಲ್ಲರಿಗೂ ಕಾಣಲಿ ಅಂತಲೇ ಬಂದಿತ್ತು! ಆದರೂ ಬಟನ್ ಮಾತ್ರ ಇಂದಿಗೂ ಅಮೆರಿಕದ ಅಧ್ಯಕ್ಷರ ಕೈಯಲ್ಲೇ ಇದೆ.

ಹಾಗಾದರೆ ಸ್ವಂತ ಬಾಂಬ್ ಮಾಡ್ಕೊಳ್ಳಬಾರದಾ? ತಂತ್ರಜ್ಞಾನ ಇದೆ, ಅವರ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ಬರೋದು ಅಣುಶಕ್ತಿಯಿಂದಲೇ. ಆದರೆ ರಿಯಾಕ್ಟರ್‌ಗಳಿಗೆ ಬೇಕಾದ ಯುರೇನಿಯಂ ಹೊರಗಿನಿಂದ ಬರಬೇಕು. ಒಪ್ಪಂದ ಮುರಿದರೆ ಅದೇ ನಿಲ್ಲಬಹುದು. ಇದರ ಬಿಸಿ ನಮಗೆ ಗೊತ್ತು: ಆ ಒಪ್ಪಂದಕ್ಕೆ ಸಹಿ ಹಾಕದ ಭಾರತಕ್ಕೆ 1974ರ ಪೋಖ್ರಾನ್ ಪರೀಕ್ಷೆಯ ನಂತರ ಹೆಚ್ಚುಕಡಿಮೆ ಮುಚ್ಚಿದ ಅಣು ವ್ಯಾಪಾರದ ಬಾಗಿಲು ಮತ್ತೆ ತೆರೆದದ್ದು 2008ರಲ್ಲಿ.

ಈ ಕೊಡೆ ಕೆಲಸ ಮಾಡುತ್ತಾ ಅಂತ ಪರೀಕ್ಷಿಸುವ ದಿನ ಬಂದರೆ, ಅದು ಆಗಲೇ ಸೋತಂತೆ. ಅದರ ನಿಜವಾದ ಕೆಲಸ ತಿರುಗಿ ಹೊಡೆಯೋದಲ್ಲ, ಮೊದಲ ಏಟೇ ಬೀಳದಂತೆ ನೋಡ್ಕೊಳ್ಳೋದು. ಅದಕ್ಕೆ ಶತ್ರು ನಂಬಬೇಕು, ಜೊತೆಗೆ ಕೊಡೆಯ ಕೆಳಗೆ ನಿಂತವರೂ ನಂಬಬೇಕು. ಎರಡನೆಯದೇ ಹೆಚ್ಚು ಕಷ್ಟ ಅನ್ಸುತ್ತೆ.