ಅಪ್ಪನ ಊರು, ಮಗುವಿಗೆ ಪರದೇಶ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅಮೆರಿಕ, ಕೆನಡಾ, ಇಂಗ್ಲೆಂಡುಗಳಲ್ಲಿ ನೆಲೆಸಿದ ಕುಟುಂಬಗಳು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇಳಿದು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ದಾರಿ ಹಿಡಿಯುತ್ತವೆ. ಜೊತೆಗೆ ಒಂದೋ ಎರಡೋ ವರ್ಷದ ಕೂಸು. ತಯಾರಿಯೆಲ್ಲ ವಿಮಾನದ ಸುತ್ತಲೇ ನಡೆದಿರುತ್ತದೆ: ಇಳಿಯುವಾಗ ಕಿವಿ ನೋಯುತ್ತದೆಯೇ, ಹಗಲು ರಾತ್ರಿ ಅದಲುಬದಲಾದರೆ ಮಲಗುತ್ತದೆಯೇ. ಇವೆರಡೂ ದೊಡ್ಡ ತೊಂದರೆಗಳಲ್ಲ. ಗಂಟಲಿನಿಂದ ನಡುಗಿವಿಗೆ ಹೋಗುವ ನಳಿಕೆ ಮಕ್ಕಳಲ್ಲಿ ಸಣ್ಣದು. ವಿಮಾನ ಇಳಿಯುವ ಹೊತ್ತಿಗೆ ಹಾಲು ಕುಡಿಸಿದರೆ ನುಂಗಿದಾಗಲೆಲ್ಲ ಅದು ತೆರೆದುಕೊಳ್ಳುತ್ತದೆ. ನ್ಯೂಯಾರ್ಕಿಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಸರಿಹೋಗುತ್ತದೆ. ಅಪಾಯವಿರುವುದು ಮನೆಯ ಹೊಸ್ತಿಲು ದಾಟಿದ ಮೇಲೆ. ಅಲ್ಲಿಂದಾಚೆ ತಂದೆತಾಯಿ ತಮ್ಮನ್ನು ಪ್ರವಾಸಿಗರೆಂದು ಎಣಿಸುವುದೇ ಇಲ್ಲ. ಅವರು ಊರಿಗೆ ಬಂದಿದ್ದಾರೆ, ಮಗು ಮಾತ್ರ ಪರದೇಶಕ್ಕೆ ಬಂದಿದೆ.

ಬಂಧುಗಳನ್ನು ನೋಡಲು ಹುಟ್ಟೂರಿಗೆ ಹೋಗುವವರನ್ನು ಪ್ರವಾಸ ವೈದ್ಯವಿಜ್ಞಾನ ಒಂದು ಪ್ರತ್ಯೇಕ ಗುಂಪಾಗಿಯೇ ನೋಡುತ್ತದೆ. ಅಮೆರಿಕದಲ್ಲಿ ಪತ್ತೆಯಾಗುವ ಟೈಫಾಯಿಡ್ ಪ್ರಕರಣಗಳಲ್ಲಿ ಬಹುಪಾಲು ಹೊರದೇಶದಿಂದ ಬಂದವು. ಅವುಗಳಲ್ಲಿ ಹೆಚ್ಚಿನವು ದಕ್ಷಿಣ ಏಷ್ಯಾದವು. ಅಂಟಿಸಿಕೊಂಡವರಲ್ಲಿ ಹೆಚ್ಚಿನವರು ನೆಂಟರ ಮನೆಗೆ ಹೋಗಿ ಬಂದವರು. ತಾಜ್ ಮಹಲ್ ನೋಡಲು ಬರುವ ವಿದೇಶಿ ಪ್ರವಾಸಿ ಹೊರಡುವ ಮುಂಚೆ ವೈದ್ಯರನ್ನು ಕಾಣುತ್ತಾನೆ, ಹೋಟೆಲಿನಲ್ಲಿ ಉಳಿಯುತ್ತಾನೆ, ವಾರದಲ್ಲಿ ಮರಳುತ್ತಾನೆ. ಸಿಂಧನೂರಿನ ಮಗ ವೈದ್ಯರನ್ನು ಕೇಳುವುದಿಲ್ಲ, ಮೂರು ನಾಲ್ಕು ವಾರ ಇರುತ್ತಾನೆ, ಹತ್ತು ಮನೆಗಳಲ್ಲಿ ಉಣ್ಣುತ್ತಾನೆ, ಬೇಡ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಅವನ ಮಗುವಿನ ವಿಷಯದಲ್ಲಿ ಈ ಎಲ್ಲವೂ ಒಟ್ಟಿಗೆ ಸೇರುತ್ತವೆ.

"ನಾವೂ ಇದೇ ನೀರು ಕುಡದು ಬೆಳದೀವಿ, ನಮಗೇನಾಗ್ಯಾದ?" ಎಂಬುದು ಮನೆಯ ಹಿರಿಯರ ಮೊದಲ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಒಂದು ರೋಗಾಣುವನ್ನು ಮತ್ತೆ ಮತ್ತೆ ಎದುರಿಸಿದ ದೇಹ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಆದರೆ ಆ ನೆನಪು ಇರುವುದು ಎದುರಿಸಿದವರ ರಕ್ತಕಣಗಳಲ್ಲಿ. ಮೂಗಿನಂತೆ, ಮೈಬಣ್ಣದಂತೆ ಅದು ಮಕ್ಕಳಿಗೆ ಇಳಿಯುವುದಿಲ್ಲ. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗ ಮಗುವಿಗೆ ಸೇರುತ್ತವೆ, ನಿಜ. ಅವು ಹುಟ್ಟಿದ ಆರು ತಿಂಗಳಿಂದ ಒಂದು ವರ್ಷದೊಳಗೆ ಕರಗಿಹೋಗುತ್ತವೆ. ಅಷ್ಟೇ ಅಲ್ಲ, ತಂದೆತಾಯಿಯ ಸ್ವಂತ ರಕ್ಷಣೆಯೂ ಸವೆಯುತ್ತದೆ. ಪ್ರವಾಸಿಗರ ಭೇದಿಗೆ ಮುಖ್ಯ ಕಾರಣವಾದ ಇ. ಕೋಲಿ ತಳಿಗಳ ವಿರುದ್ಧದ ಪ್ರತಿರೋಧ ಪದೇಪದೇ ಸಂಪರ್ಕವಿದ್ದರಷ್ಟೇ ಉಳಿಯುತ್ತದೆ. ಹತ್ತು ವರ್ಷ ಹೊರಗಿದ್ದ ಅಪ್ಪನ ಹೊಟ್ಟೆಯೂ ಮೊದಲ ವಾರವೇ ಕೆಡುವುದು ಅದಕ್ಕೇ. ಇನ್ನು "ನಮಗೇನಾಗ್ಯಾದ" ಎನ್ನುವವರು ಬದುಕಿ ಉಳಿದವರು. ಅದೇ ಓಣಿಯಲ್ಲಿ ವಾಂತಿಭೇದಿಗೆ ಹೋದ ಕೂಸುಗಳು ಈ ಮಾತಿಗೆ ಸಾಕ್ಷಿ ಹೇಳಲು ಬರುವುದಿಲ್ಲ. ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ: 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಸತ್ತವರು ಅದೇ ಊರಿನ ಜನ.

ಎರಡನೆಯ ಆಕ್ಷೇಪ ಓದಿದವರದು, ಹೆಚ್ಚು ಗಟ್ಟಿಯಾದದ್ದು. ಮಣ್ಣು ದನ ಕರುಗಳ ನಡುವೆ ಬೆಳೆದರೆ ಅಲರ್ಜಿ ಕಡಿಮೆ ಎಂದು ವಿಜ್ಞಾನವೇ ಹೇಳುತ್ತದಲ್ಲ? ಹೇಳುತ್ತದೆ. 1989ರಲ್ಲಿ ಡೇವಿಡ್ ಸ್ಟ್ರಾಚನ್, ಹೆಚ್ಚು ಒಡಹುಟ್ಟಿದವರಿರುವ ಬ್ರಿಟಿಷ್ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಎಂದು ತೋರಿಸಿದರು. ಯುರೋಪಿನ ಹಳ್ಳಿಗಳ ಅಧ್ಯಯನಗಳು ದನದ ಕೊಟ್ಟಿಗೆಯ ಪಾತ್ರವನ್ನು ಎತ್ತಿ ತೋರಿಸಿದವು. ಆದರೆ ಅಲ್ಲಿ ಕೆಲಸ ಮಾಡುವುದು ಮಣ್ಣಿನ, ಸಗಣಿಯ, ಕರುಳಿನ ಸಾಧು ಸೂಕ್ಷ್ಮಜೀವಿಗಳು, ಅದೂ ವರ್ಷಗಟ್ಟಲೆಯ ಸಹವಾಸದಿಂದ. ಟೈಫಾಯಿಡ್ ಬಂದರೆ ಅಲರ್ಜಿ ಹೋಗುತ್ತದೆಂದು ಯಾರೂ ತೋರಿಸಿಲ್ಲ. ಮಗು ಹೊಲದಲ್ಲಿ ಹೊರಳಾಡಲಿ, ಕರುವಿನ ಕೊರಳು ತಬ್ಬಲಿ. ಉಣ್ಣುವ ಮುಂಚೆ ಸೋಪು ಹಚ್ಚಿ ಕೈ ತೊಳೆದರೆ ಆ ಲಾಭವೇನೂ ಕಡಿಮೆಯಾಗದು.

ಲಸಿಕೆಯ ಪಟ್ಟಿಯನ್ನು ಆಯಾ ದೇಶ ತನ್ನ ರೋಗಗಳನ್ನು ನೋಡಿ ಮಾಡಿಕೊಂಡಿದೆ. ನಮ್ಮಲ್ಲಿ ದಡಾರದ ಮೊದಲ ಚುಚ್ಚುಮದ್ದು ಒಂಬತ್ತು ತಿಂಗಳಿಗೆ. ಅಮೆರಿಕದಲ್ಲಿ ಹನ್ನೆರಡು ತಿಂಗಳು ತುಂಬಿದ ಮೇಲೆ. ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬರುವವರು ಈ ಎರಡರ ನಡುವಿನ ಸಂದಿನಲ್ಲಿ ಬೀಳುತ್ತಾರೆ. ರಕ್ಷಣೆ ಇಲ್ಲದ ಹತ್ತು ಜನ ದಡಾರದ ರೋಗಿಯ ಹತ್ತಿರವಿದ್ದರೆ ಒಂಬತ್ತು ಜನಕ್ಕೆ ಅಂಟುತ್ತದೆ; ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಕೋಣೆಯ ಗಾಳಿಯಲ್ಲಿರಬಲ್ಲದು. ಅದಕ್ಕೇ ಹೊರದೇಶಕ್ಕೆ ಹೊರಟ ಆರು ತಿಂಗಳ ಮೇಲಿನ ಶಿಶುವಿಗೆ ಒಂದು ಹೆಚ್ಚುವರಿ ಡೋಸ್ ಕೊಡಬೇಕೆಂದು ಅಲ್ಲಿನ ವೈದ್ಯರ ನಿಯಮ ಹೇಳುತ್ತದೆ, ಕೇಳಿದವರಿಗೆ ಸಿಗುತ್ತದೆ. ಟೈಫಾಯಿಡ್ ಕಥೆ ತಲೆಕೆಳಗು: ಅಮೆರಿಕದಲ್ಲಿ ಎರಡು ವರ್ಷದೊಳಗಿನವರಿಗೆ ಆ ಲಸಿಕೆಯೇ ಇಲ್ಲ, ಆರು ತಿಂಗಳ ಕೂಸಿಗೂ ಕೊಡಬಹುದಾದ ಲಸಿಕೆ ತಯಾರಾಗುವುದು ಪಕ್ಕದ ಹೈದರಾಬಾದಿನಲ್ಲಿ. ಆದರೆ ಇಳಿದ ದಿನ ಚುಚ್ಚಿಸಿದರೂ ರಕ್ಷಣೆ ಮೂಡಲು ಎರಡು ವಾರ ಬೇಕು, ಅಷ್ಟರಲ್ಲಿ ರಜೆಯೇ ಅರ್ಧ ಮುಗಿದಿರುತ್ತದೆ.

ಚಳಿಗಾಲದಲ್ಲಿ ಸೊಳ್ಳೆ ಇರುವುದಿಲ್ಲ ಎಂಬ ನಂಬಿಕೆಯೂ ವಿಮಾನದಲ್ಲಿ ಕುಳಿತು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಸೀಮೆಗೆ ಡಿಸೆಂಬರ್ ಅಂಥ ಚಳಿಯೇನಲ್ಲ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಮೊದಲ ಝೀಕಾ ಸೋಂಕು ಪತ್ತೆಯಾದದ್ದು ಇದೇ ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯಲ್ಲಿ. ಝೀಕಾ, ಡೆಂಗಿ ಎರಡನ್ನೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು, ಹುಟ್ಟುವುದು ನಲ್ಲಿ ನೀರು ದಿನಾ ಬರದ ಮನೆಗಳಲ್ಲಿ ತುಂಬಿಟ್ಟ ಡ್ರಮ್ಮು, ತೊಟ್ಟಿಗಳಲ್ಲಿ. ಹಾಗಾಗಿ ರಾತ್ರಿ ಕಟ್ಟುವ ಸೊಳ್ಳೆಪರದೆ ಮಧ್ಯಾಹ್ನದ ನಿದ್ದೆಗೂ ಬೇಕು. ಇದರೆದುರು, ಜಿಲ್ಲೆಯ ಹಲವು ಬೋರ್‌ವೆಲ್‌ಗಳಲ್ಲಿರುವ ಫ್ಲೋರೈಡ್ ಬಗ್ಗೆ ಮೂರು ವಾರಕ್ಕೆ ಬಂದವರು ತಲೆಕೆಡಿಸಿಕೊಳ್ಳಬೇಕಿಲ್ಲ. ಅದು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆ ತಿನ್ನುವಂಥದ್ದು. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅದು ಅಲ್ಲಿಯೇ ಉಳಿಯುವ ಮಕ್ಕಳ ಪಾಡು, ಮತ್ತು ನನ್ನ ಮಟ್ಟಿಗೆ ದೊಡ್ಡ ಸುದ್ದಿ ಅದೇ.

ಹಾಗಾದರೆ ಮಗುವನ್ನು ಬಾಟಲಿ ನೀರು, ಬಿಸ್ಕತ್ತಿನ ಮೇಲೆ ಸಾಕಬೇಕೇ? ಇಲ್ಲ, ಈ ಸೀಮೆಯ ಅಡುಗೆಯಲ್ಲೇ ಸಾಕಷ್ಟು ಭದ್ರತೆ ಇದೆ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ, ಕುದಿಯುವ ಬೇಳೆ, ಎಣ್ಣೆಗಾಯಿ ನಿರಪಾಯ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ತೇವವೇ ಇಲ್ಲ. ತೊಂದರೆ ಕೊಡುವುದು ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿಯ ಜೊತೆ ಹೋಗುವ ಹಸಿ ಸೌತೆಕಾಯಿ, ಕುದಿಸದ ನೀರು ಬೆರೆಸಿದ ಮಜ್ಜಿಗೆ, ಬೆಳಗ್ಗೆ ಮಾಡಿ ಮಧ್ಯಾಹ್ನದವರೆಗೆ ಡಬ್ಬಿಯಲ್ಲಿ ಕುಳಿತ ಅನ್ನ. ಬಾಟಲಿ ನೀರು ಕುಡಿಸುತ್ತಲೇ ಐಸ್ ಹಾಕಿದ ಕಬ್ಬಿನಹಾಲು ಕೊಟ್ಟರೆ ಲೆಕ್ಕ ತಪ್ಪಿತು. ಭೇದಿ ಶುರುವಾದರೆ ಓಆರ್‌ಎಸ್. ಅದರಲ್ಲಿನ ಸಕ್ಕರೆ ರುಚಿಗಲ್ಲ, ಕರುಳು ಗ್ಲೂಕೋಸನ್ನು ಎಳೆದುಕೊಳ್ಳುವಾಗ ಸೋಡಿಯಂ ಕೂಡ ಒಳಹೋಗುತ್ತದೆ, ಅದರ ಬೆನ್ನಿಗೆ ನೀರು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು. ನಾಯಿ ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆ ಶುರುಮಾಡಬೇಕು, ವಾಪಸ್ ಹೋಗಿ ನೋಡೋಣ ಎನ್ನುವಂತಿಲ್ಲ. ಟೈಫಾಯಿಡ್ ಮಾತ್ರ ವಾಪಸ್ ಹೋದ ಮೇಲೆಯೇ ಕಾಣಿಸಿಕೊಳ್ಳಬಹುದು: ಸೋಂಕಿನಿಂದ ಜ್ವರಕ್ಕೆ ಒಂದು ವಾರದಿಂದ ನಾಲ್ಕು ವಾರ ಹಿಡಿಯುತ್ತದೆ. ಜನವರಿಯ ಕೊನೆಗೆ ಡಲ್ಲಾಸಿನಲ್ಲೋ ಟೊರಾಂಟೊದಲ್ಲೋ ಮಗುವಿಗೆ ಇಳಿಯದ ಜ್ವರ ಬಂದರೆ ಅಲ್ಲಿನ ವೈದ್ಯರು ಮೊದಲು ಶಂಕಿಸುವುದು ಫ್ಲೂ. ಸಿಂಧನೂರಿಗೆ ಹೋಗಿದ್ದೆವು ಎಂದು ಅವರು ಕೇಳುವ ಮುಂಚೆಯೇ ಹೇಳಿದರೆ ರಕ್ತದ ಕಲ್ಚರ್ ಪರೀಕ್ಷೆ ಅದೇ ದಿನ ಆಗುತ್ತದೆ.