ಮಾತ್ರೆ ಅದೇ, ಕೋಡ್ ಬೇರೆ

ವೈಟ್‌ಫೀಲ್ಡ್‌ನಲ್ಲಿ ಮೆಡಿಕಲ್ ಕೋಡರ್ ಆಗಿರುವ ನನ್ನ ಆಪಾ ಅಮೆರಿಕದ ಆಸ್ಪತ್ರೆಗಳ ದಾಖಲೆ ಓದಿ ಐಸಿಡಿ-10-ಸಿಎಂ ಕೋಡ್ ಹಾಕುತ್ತಾರೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಮಾತ್ರೆಯನ್ನೇ ನೋಡಿ. ವೈದ್ಯರು ಹೇಳಿದಂತೆಯೇ ನುಂಗಿಯೂ ಎದೆ ಡವಡವ ಎಂದರೆ ಅದು ಅಡ್ಡಪರಿಣಾಮ: ಮೊದಲು ಎದೆಬಡಿತದ ಕೋಡ್ ಆರ್00.2, ನಂತರ ಟಿ43.635ಎ. ಪರೀಕ್ಷೆಗೆ ನಿದ್ದೆಗೆಟ್ಟು ಓದಲು ಗೆಳೆಯನ ಮಾತ್ರೆ ನುಂಗಿ ಹಾಗಾದರೆ? ವಿಷಪ್ರಾಶನ! ಟಿ43.631ಎ ಮೊದಲು, ಎದೆಬಡಿತ ಆಮೇಲೆ. ಒಂದೇ ಮಾತ್ರೆಗೆ ವಿಷವೇ ಎಂದು ಕೇಳಿದೆ. ಬೇರೆಯವರಿಗೆ ಬರೆದುಕೊಟ್ಟ ಔಷಧಿ ನುಂಗಿದರೆ ಅದು ತಪ್ಪು ಬಳಕೆ, ಹಾಗಾಗಿ ವಿಷಪ್ರಾಶನವೇ ಎಂದರು. ಆರನೇ ಸ್ಥಾನದ 1 ಎಂದರೆ ಆಕಸ್ಮಿಕ, 2 ಎಂದರೆ ಬೇಕೆಂದೇ ಮಾಡಿಕೊಂಡ ಹಾನಿ. ವೈದ್ಯರು ಉದ್ದೇಶ ಬರೆದಿರದಿದ್ದರೆ 1 ಹಾಕಬೇಕು. ರೋಗಿ ಮುಚ್ಚಿಟ್ಟದ್ದನ್ನು ಕೋಡರ್ ಊಹಿಸಿ ಬರೆಯುವಂತಿಲ್ಲ.