ಕಾಲು ನೆಲಕ್ಕೆ ತಾಗುವ ಗಾಡಿ

ನನ್ನ ಎತ್ತರ ಐದು ಅಡಿ ಒಂದು ಇಂಚು. ಕಡೂರಿನಿಂದ ಚಿಕ್ಕಮಗಳೂರಿನ ಕಾಲೇಜಿಗೆ ಪಾಠ ಹೇಳಲು ಹೋಗುವವಳು ನಾನು. ನಲವತ್ತು ಕಿಲೋಮೀಟರಿನ ಆ ದಾರಿಗೆ ಸ್ಕೂಟರಿನ ಸಣ್ಣ ಚಕ್ರ ಸಾಲದು. ಬೇರೆ ಬೈಕುಗಳ ಮೇಲೆ ಕೂತರೆ ಕಾಲ್ಬೆರಳ ತುದಿಯಷ್ಟೇ ನೆಲಕ್ಕೆ ಸಿಗುತ್ತಿತ್ತು. ಸೀಟು ತಗ್ಗಾಗಿರುವ ಕ್ರೂಸರ್ ಬೈಕಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೂರಿದವು. ಕ್ರೂಸರ್ ಎಂದರೆ ಹುಡುಗರ ಗತ್ತಿನ ಗಾಡಿ ಎನ್ನುವವರು ಇದನ್ನು ಗಮನಿಸಿಯೇ ಇಲ್ಲ. ಕುಳ್ಳಗಿರುವವರಿಗೆ, ಮಂಡಿ ನೋವಿನವರಿಗೆ, ಐವತ್ತು ದಾಟಿದವರಿಗೆ ಇಷ್ಟು ಧೈರ್ಯ ಕೊಡುವ ಬೈಕು ಇನ್ನೊಂದಿಲ್ಲ.

ನನ್ನದು 2016ರ ಅವೆಂಜರ್ ಸ್ಟ್ರೀಟ್ 220, ಸೆಕೆಂಡ್ ಹ್ಯಾಂಡ್. ಬಜಾಜ್ ಮತ್ತು ಕವಾಸಾಕಿ 2001ರಲ್ಲಿ ತಂದ ಎಲಿಮಿನೇಟರ್ ಈ ವಂಶದ ಹಿರಿಯ. 2005ರಲ್ಲಿ ಅದೇ ಮೈಕಟ್ಟು ಅವೆಂಜರ್ ಹೆಸರಿನಲ್ಲಿ ಬಂತು, 2010ರಲ್ಲಿ ಎಂಜಿನ್ 220 ಸಿಸಿಗೆ ಏರಿತು. ಆ ಎಂಜಿನ್ ಪಲ್ಸರ್ 220ರ ಮನೆತನದ್ದು. ಹಳೇ ಗಾಡಿ ಕೊಳ್ಳುವವರಿಗೆ ಇದೇ ದೊಡ್ಡ ಅನುಕೂಲ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಾಮಾನು ಸಿಗುತ್ತದೆ, ಮೆಕ್ಯಾನಿಕ್‌ಗೂ ಕೈಪರಿಚಯ ಇರುತ್ತದೆ.

ಹಳೇ ಗಾಡಿ ನೋಡಲು ಹೋದಾಗ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ ಹೊರಡಿ. ತಣ್ಣಗಿರುವ ಎಂಜಿನ್ನೇ ನಿಜ ಹೇಳುವುದು. ಶುರುವಾದ ಮೇಲೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಸುಡುತ್ತಿದೆ ಎಂದರ್ಥ. ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಡುವೆ ಒಂದು ಕಡೆ ಕಚ್ಚಿ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ ಅದು 2019ರ ಇಪ್ಪತ್ಮೂರನೇ ವಾರ ತಯಾರಾದ ಟೈರ್. ಹಲ್ಲು ಎಷ್ಟೇ ಉಳಿದಿರಲಿ, ರಬ್ಬರ್ ಗಟ್ಟಿಯಾಗಿದ್ದರೆ ಮಳೆಯಲ್ಲಿ ಜಾರುವುದು ಖಂಡಿತ.

ಕಾಗದಪತ್ರದ ಮಾತು ಚುಟುಕಾಗಿ ಮುಗಿಸುತ್ತೇನೆ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆಗಬೇಕು, ಸಾಲವಿದ್ದ ಗಾಡಿಯಾದರೆ ಫಾರಂ 35 ಬೇಕು. ಚಾಸಿ ನಂಬರನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಮಾರಿದವರೂ ಈ ವಿಷಯದಲ್ಲಿ ಮೈಮರೆಯಬಾರದು. ಆರ್‌ಸಿಯಲ್ಲಿ ಹೆಸರು ಉಳಿದಿರುವಷ್ಟು ದಿನ ಅಪಘಾತದ ಹೊಣೆ ಅವರ ತಲೆಗೇ ಬರುತ್ತದೆ.

ಗಾಡಿ ಮನೆಗೆ ಬಂದ ಮೇಲೆ ಎಲ್ಲರ ಕಣ್ಣೂ ಬಣ್ಣ, ಸ್ಟಿಕರ್, ಲೈಟುಗಳ ಕಡೆ ಹೋಗುತ್ತದೆ. ನನ್ನ ದುಡ್ಡು ಹೋದದ್ದು ಯಾರಿಗೂ ಕಾಣದ ಕಡೆಗೆ: ಕೋನ್ ಸೆಟ್, ಮುಂದಿನ ಬ್ರೇಕ್ ಪ್ಯಾಡ್, ಫೋರ್ಕ್ ಆಯಿಲ್ ಸೀಲ್, ಎರಡು ಟೈರ್, ಬ್ಯಾಟರಿ. ಈ ಗಾಡಿಗೆ ಕಿಕ್ಕರ್ ಇಲ್ಲದ್ದರಿಂದ ಬ್ಯಾಟರಿ ಸತ್ತರೆ ತಳ್ಳುವುದೊಂದೇ ಗತಿ. ಸ್ಪಾರ್ಕ್ ಪ್ಲಗ್ ಎರಡಿವೆ, ಎರಡನ್ನೂ ಬಿಚ್ಚಿಸಿ ನೋಡಿ. ಒಂದು ಕೈಕೊಟ್ಟರೂ ಗಾಡಿ ಓಡುತ್ತಲೇ ಇರುತ್ತದೆ, ಮೈಲೇಜು ಮತ್ತು ಎಳೆತ ಮಾತ್ರ ಕುಗ್ಗುತ್ತವೆ. ವಯಸ್ಸಾಯಿತು, ಅದಕ್ಕೇ ಹೀಗೆ ಅಂದುಕೊಂಡು ತಿಂಗಳುಗಟ್ಟಲೆ ಓಡಿಸುವವರಿದ್ದಾರೆ.

ಇದೆಲ್ಲ ಆದ ಮೇಲೆ ಗಾಡಿಯನ್ನು ಮೈಗೆ ಒಗ್ಗಿಸಿಕೊಳ್ಳುವ ಕೆಲಸ. ನನಗೆ ಬಹಳ ಪ್ರೀತಿಯ ಭಾಗ ಇದು. ಕ್ರೂಸರಿನಲ್ಲಿ ಕಾಲು ಮುಂದೆ ಚಾಚಿರುತ್ತದೆ, ಹಾಗಾಗಿ ಹೊಂಡ ಬಂದಾಗ ಕಾಲೂರಿ ಮೈ ಎತ್ತಲು ಆಗುವುದಿಲ್ಲ. ಏಟು ನೇರ ಸೊಂಟಕ್ಕೆ. ಮೂಲ ಸೀಟಿನ ಫೋಮ್ ವರ್ಷಗಳ ಭಾರಕ್ಕೆ ಕುಸಿದು ಹೋಗಿತ್ತು. ಚಿಕ್ಕಮಗಳೂರಿನ ಕುಷನ್ ಅಂಗಡಿಯ ಹಿರಿಯರೊಬ್ಬರು ಸೀಟನ್ನು ಬಿಚ್ಚುವ ಮೊದಲು ನನ್ನನ್ನು ಗಾಡಿಯ ಮೇಲೆ ಕೂರಿಸಿದರು. ಬೆನ್ನು ನೆಟ್ಟಗಿಡಿ, ಈಗ ಸಡಿಲ ಬಿಡಿ, ಕಾಲು ನೆಲಕ್ಕಿಡಿ, ಈಗ ಪೆಗ್ ಮೇಲಿಡಿ ಅನ್ನುತ್ತಾ ಪ್ರತಿ ಸಲವೂ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ತೊಡೆ ತಗಲುವ ಎರಡು ಅಂಚನ್ನು ಬ್ಲೇಡಿನಿಂದ ತೆಳುವಾಗಿ ಹೆರೆದು, ಟೈಲ್‌ಬೋನ್ ಕೂರುವ ಕಡೆ ಗಟ್ಟಿ ಫೋಮ್ ಹಾಕಿ, ಅದರ ಮೇಲೆ ಮಾತ್ರ ಬೆರಳು ದಪ್ಪದ ಮೆತ್ತನೆಯದು ಅಂಟಿಸಿದರು. ಪೂರ್ತಿ ಮೆತ್ತಗಿರಲಿ ಎಂದು ಕೇಳುವವರು ಅರ್ಧ ಗಂಟೆ ಓಡಿಸುವುದರೊಳಗೆ ತಳದ ಪ್ಲೇಟಿನ ಮೇಲೇ ಕೂತಿರುತ್ತಾರೆ ಎಂದು ಅವರು ಹೇಳಿದ್ದು ಸರಿ. ಹೆರೆದ ಅಂಚಿನಿಂದಾಗಿ ಕಾಲು ಇನ್ನಷ್ಟು ಸಲೀಸಾಗಿ ನೆಲ ಮುಟ್ಟುತ್ತದೆ.

ಇನ್ನು ಹ್ಯಾಂಡಲ್. ಸ್ಟ್ರೀಟ್ ಮಾದರಿಯದು ಚಪ್ಪಟೆ, ಅದನ್ನು ಹಿಡಿಯಲು ನಾನು ಮುಂದಕ್ಕೆ ಬಾಗಬೇಕಿತ್ತು. ಅದೇ ಕಂಪನಿಯ ಕ್ರೂಸ್ ಮಾದರಿಯ ಹ್ಯಾಂಡಲ್ ಎತ್ತರವಾಗಿ, ಸವಾರರ ಕಡೆಗೆ ಬಾಗಿ ಬರುತ್ತದೆ. ಅದನ್ನು ಹಾಕಿಸುವಾಗ ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್ ಉದ್ದ ಸಾಕಾಗುತ್ತದೆಯೇ ಎಂದು ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ ನೋಡಲೇಬೇಕು. ಬಿಗಿಯಾದ ಕೇಬಲ್ ಇದ್ದರೆ ತಿರುವಿನಲ್ಲಿ ಎಂಜಿನ್ ತಾನಾಗಿಯೇ ರೇಸ್ ಆಗುತ್ತದೆ.

ಮಾರ್ಪಾಡಿಗೆ ಹೊರಡುವ ಮೊದಲು ಕಾನೂನು ತಿಳಿದಿರಬೇಕು. ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ನಿಯಮಬಾಹಿರ ಮಾರ್ಪಾಡಿಗೆ, ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಫೋರ್ಕ್ ಉದ್ದ ಮಾಡಿಸುವುದು, ಚಾಸಿ ಕತ್ತರಿಸುವುದು ಬೇಡವೇ ಬೇಡ. ಹ್ಯಾಂಡಲ್ ಬದಲಿಸುವ ಮೊದಲೂ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಗುಡುಗುವ ಸೈಲೆನ್ಸರನ್ನಂತೂ ನಾನು ಕ್ಷಮಿಸಲಾರೆ. ಆಸ್ಪತ್ರೆಯ ಮುಂದೆ, ಪರೀಕ್ಷೆ ನಡೆಯುವ ಶಾಲೆಯ ಮುಂದೆ ಆ ಸದ್ದು ಕೇಳಿದವರಿಗೆ ಕಾರಣ ವಿವರಿಸಬೇಕಿಲ್ಲ.

ಮಲೆನಾಡಿನ ಸೆರಗಿನಲ್ಲಿ ಇಂಥ ಗಾಡಿಯ ಶತ್ರು ಮಳೆ. ಕ್ರೂಸರಿನ ಚೈನ್ ಉದ್ದ, ಕೆಸರು ಹಿಡಿಯುವ ಜಾಗವೂ ಹೆಚ್ಚು. ಸುಮಾರು ಐನೂರು ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಅದಕ್ಕೂ ಮೊದಲೇ, ಸೀಮೆಎಣ್ಣೆಯಲ್ಲಿ ಒರೆಸಿ ಲ್ಯೂಬ್ ಹಾಕುತ್ತೇನೆ. ಪೆಟ್ರೋಲ್ ಬೇಡ, ಕೊಂಡಿಗಳ ನಡುವಿನ ರಬ್ಬರ್ ರಿಂಗ್ ಇದ್ದರೆ ಅದನ್ನು ಹಾಳುಮಾಡುತ್ತದೆ. ಹಿಂದಿನ ಸ್ಪ್ರಾಕೆಟ್ ಮೇಲೆ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧ ಭಾಗ ಕಂಡರೆ ಅದರ ಆಯಸ್ಸು ಮುಗಿದಿದೆ. ಆಗ ಚೈನ್ ಒಂದನ್ನೇ ಬದಲಿಸಿದರೆ ಹಳೇ ಹಲ್ಲು ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ. ಎರಡೂ ಸ್ಪ್ರಾಕೆಟ್ ಸೇರಿಸಿ ಸೆಟ್ಟೇ ಹಾಕಿಸಿ. ಟ್ಯಾಂಕ್ ಅರ್ಧ ಖಾಲಿ ಬಿಟ್ಟು ವಾರಗಟ್ಟಲೆ ನಿಲ್ಲಿಸಿದರೆ ಒಳಗೆ ತೇವ ಕಟ್ಟಿ ತುಕ್ಕು ಹಿಡಿಯುತ್ತದೆ, ಆ ಪುಡಿ ಇಳಿದು ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಆದ್ದರಿಂದ ರಜೆಯಲ್ಲಿ ಊರಿಗೆ ಹೋಗುವ ಮುನ್ನ ಫುಲ್ ಟ್ಯಾಂಕ್ ಮಾಡಿಸುತ್ತೇನೆ.

ಓಡಿಸುವುದನ್ನೂ ಕಲಿಯಬೇಕಾಗುತ್ತದೆ. ಎರಡು ಚಕ್ರಗಳ ನಡುವೆ ದೂರ ಹೆಚ್ಚಿರುವುದರಿಂದ ನೇರ ರಸ್ತೆಯಲ್ಲಿ ಗಾಡಿ ಅಲುಗದೆ ಹೋಗುತ್ತದೆ, ಘಟ್ಟದ ತಿರುವಿನಲ್ಲಿ ಮಾತ್ರ ಅಗಲ ಕೇಳುತ್ತದೆ. ಮುಳ್ಳಯ್ಯನಗಿರಿ ಹತ್ತುವಾಗ ವೇಗವನ್ನು ತಿರುವಿಗೆ ಮೊದಲೇ ಇಳಿಸಿ, ಗೇರ್ ಮೊದಲೇ ಬದಲಿಸಿ, ತಿರುವಿನ ಕೊನೆ ಕಂಡ ಮೇಲಷ್ಟೇ ಆಕ್ಸಿಲರೇಟರ್ ತೆರೆಯಬೇಕು. ಕಾಲಿಡುವ ಪೆಗ್ ಕೆಳಗಿರುವುದರಿಂದ ಹೆಚ್ಚು ವಾಲಿದರೆ ಅದು ಡಾಂಬರಿಗೆ ಉಜ್ಜುತ್ತದೆ. ಗಾಡಿ ಕೊಂಡ ಹೊಸತರಲ್ಲಿ ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ನಿಧಾನ ಸುತ್ತಿ ಅಭ್ಯಾಸ ಮಾಡಿ, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ.